ತಡೆಹಿಡಿದ ಕರೆ

ಹಾಜಿ ಮಿಫ್ತಾಹನ ಮೂರನೆಯ ಬೆರಳು ಮುರಿದಾಗ ಅವನ ಚೀರಾಟ ಗೋಡೆಯಾಚೆಗೂ ಕೇಳಿಸಿತು. ಮಬ್ರೂಕಾ ಕೀಲಿಮಣೆಯಿಂದ ಕೈ ತೆಗೆದಳು.

"ನಿಲ್ಲಿಸಬೇಡ" ಎಂದ ಕಮಾಂಡರ್ ಅಜೈಲಿ. "ನೀನು ಎಷ್ಟು ಬೇಗ ಮುಗಿಸ್ತೀಯೋ, ಮುದುಕನಿಗೆ ಅಷ್ಟು ಬೆರಳು ಉಳಿಯುತ್ತೆ."

ಟ್ರಿಪೊಲಿಯ ಪಶ್ಚಿಮಕ್ಕಿರುವ ಆ ಕರಾವಳಿ ಪಟ್ಟಣದ ಆಂಬುಲೆನ್ಸ್ ಕೇಂದ್ರ ಅಜೈಲಿಯ ಬಂದೂಕಿನವರ ಕೈಸೇರಿ ವರ್ಷವಾಗಿತ್ತು. ಹದಿನೈದು ದಿನಗಳ ಹಿಂದೆ ಬಂದರು ಕೇರಿಯ ಕಾಳಗದಲ್ಲಿ ಅವನ ತಮ್ಮ ಫರಜ್ ತೊಡೆಗೆ ಗುಂಡು ತಿಂದು, ತಾನೇ ಫೋನ್ ಮಾಡಿ ಆಂಬುಲೆನ್ಸ್ ಕೇಳಿದ್ದ. ಗಾಡಿ ಹೊರಟಿದ್ದು ಹನ್ನೆರಡು ನಿಮಿಷ ತಡವಾಗಿ. ಅಷ್ಟರಲ್ಲಿ ರಕ್ತವೆಲ್ಲ ಹರಿದುಹೋಗಿತ್ತು.

ಅಂದು ಆ ಕರೆ ತೆಗೆದುಕೊಂಡವನು ಮಿಫ್ತಾಹ್. ಆ ಕ್ಷಣವೇ ಚಾಲಕರಿಗೆ ರವಾನಿಸಿದ್ದೆ, ತಡ ಮಾಡಿದ್ದು ಕಂಪ್ಯೂಟರು ಎಂದು ಅವನು ಹೇಳುತ್ತಲೇ ಇದ್ದ. ಇಮ್ಹಮ್ಮದ್ ನಂಬಲಿಲ್ಲ. ಫರಜನ ಬಲಗೈಯಾಗಿದ್ದವನು, ಶವವನ್ನು ಹೆಗಲ ಮೇಲೆ ಹೊತ್ತು ತಂದವನು ಇಮ್ಹಮ್ಮದ್. ಈಗ ಪಕ್ಕದ ಕೋಣೆಯಲ್ಲಿ ಬೆರಳು ಮುರಿಯುತ್ತಿದ್ದವನೂ ಅವನೇ. ಫರಜನ ಹುಡುಗರು ಸಾಕ್ಷಿ ಕೇಳುತ್ತಿದ್ದರು. ತಪ್ಪು ಕಂಪ್ಯೂಟರಿನದೆಂದು ಸಾಕ್ಷಿ ಸಿಗದಿದ್ದರೆ ಗುರುವಾರ ಇಳಿಹೊತ್ತಿನ ಅಸರ್ ನಮಾಜಿನ ನಂತರ ಮುದುಕನಿಗೆ ಗುಂಡು.

ಕೇಂದ್ರದ ಕರೆಗಳನ್ನು ನಡೆಸುತ್ತಿದ್ದುದು ಜಾವಾದಲ್ಲಿ ಬರೆದ ಪ್ರೋಗ್ರಾಮು. ಊರಿನಲ್ಲಿ ಅಂಥವುಗಳ ಒಳಹೊರಗು ಬಲ್ಲವಳು ಮಬ್ರೂಕಾ ಒಬ್ಬಳೇ. ಅವಳನ್ನು ಮನೆಯಿಂದ ಜೀಪಿನಲ್ಲಿ ಎಳೆದು ತಂದಿದ್ದರು.

ಅವಳು ಸರ್ವರ್‌ಗೆ ನಿಗಾ ಸಲಕರಣೆ ಜೋಡಿಸಿದಳು. ಪ್ರತಿ ಕರೆಯೂ ಪ್ರೋಗ್ರಾಮಿನೊಳಗೆ ಯಾವ ಹೆಜ್ಜೆಯಲ್ಲಿ ಎಷ್ಟು ಹೊತ್ತು ಕಳೆಯುತ್ತದೆ ಎಂಬುದು ದಾಖಲಾಗುವಂತೆ ಮಾಡಿದಳು. ಮೊದಲು ಅವಳಿಗೆ ಮೆಮೊರಿಯ ಮೇಲೆ ಅನುಮಾನ. ಜಾವಾ ಬಳಸಿ ಬಿಟ್ಟ ಮೆಮೊರಿಯ ಕಸವನ್ನು ತಾನೇ ಗುಡಿಸಿಕೊಳ್ಳುವಾಗ ಅರೆಗಳಿಗೆ ನಿಲ್ಲುವುದುಂಟು. ಆದರೆ ಆ ನಿಲುಗಡೆಗಳು ಕಣ್ಣು ಮಿಟುಕಿಸುವಷ್ಟೂ ಇರಲಿಲ್ಲ. ಡೇಟಾಬೇಸ್ ಕೂಡ ಚುರುಕಾಗಿತ್ತು.

ಅಜೈಲಿ ದಿನಕ್ಕೆರಡು ಸಲ ಬಂದು ಹಿಂದೆ ನಿಲ್ಲುತ್ತಿದ್ದ. ತಡ ಏಕಾಯಿತೆಂದು ಅವನು ಕೇಳಿದ್ದೇ ಇಲ್ಲ. ಏನಾದರೂ ಕಂಡಿತೇ, ಬೇರೆ ಯಾರಾದರೂ ನೋಡಿದರೇ ಎಂದಷ್ಟೇ ಕೇಳುತ್ತಿದ್ದ. ದುಃಖ ಅವನನ್ನು ಮೂಕನನ್ನಾಗಿಸಿದೆ ಎಂದುಕೊಂಡಳು ಮಬ್ರೂಕಾ.

ಬುಧವಾರ ಬೆಳಿಗ್ಗೆ ಬಂದರು ಕೇರಿಯಿಂದ ಒಂದು ಕರೆ ಬಂತು. ಹೆರಿಗೆ ನೋವು, ವಿಪರೀತ ರಕ್ತಸ್ರಾವ. ಪರದೆಯ ಮೇಲೆ ಆ ಕರೆಯ ಗೆರೆ ಒಂದು ಹೆಜ್ಜೆಯಲ್ಲಿ ನಿಂತುಬಿಟ್ಟಿತು. ಒಂದು ನಿಮಿಷ. ಮೂರು ನಿಮಿಷ. ಎಂಟು. ಗಾಡಿ ಹೋಗಿ ತಂದಿದ್ದು ಎರಡು ಹೆಣ, ತಾಯಿಯದು ಮತ್ತು ಮಗುವಿನದು.

ಗೆರೆ ನಿಂತ ಜಾಗವನ್ನು ಮಬ್ರೂಕಾ ಬಿಚ್ಚಿ ನೋಡಿದಳು. ಪ್ರತಿ ಕರೆಯ ಧ್ವನಿಯೂ ಚಾಲಕರಿಗೆ ಹೋಗುವ ಮೊದಲು ಮೇಲ್ಮಹಡಿಯ ಒಂದು ಕಂಪ್ಯೂಟರಿಗೆ ಹೋಗುತ್ತಿತ್ತು. ಅಲ್ಲಿ ಯಾರೂ ಏನೂ ಒತ್ತದಿದ್ದರೆ ಕರೆ ತಾನಾಗಿ ಮುಂದಕ್ಕೆ ಸಾಗುತ್ತಿತ್ತು. 'ತಡೆ' ಒತ್ತಿದರೆ ನಾಲ್ಕು ನಿಮಿಷ ನಿಲ್ಲುತ್ತಿತ್ತು. ಇನ್ನೂ ನಿಲ್ಲಿಸಬೇಕೆಂದರೆ ಮತ್ತೆ ಒತ್ತಬೇಕು. ಆ ಕಂಪ್ಯೂಟರು ಇದ್ದದ್ದು ಅಜೈಲಿಯ ಕೋಣೆಯಲ್ಲಿ.

ಹಳೆಯ ದಾಖಲೆ ತೆರೆದಳು. ಫರಜನ ಕರೆಯ ಮುಂದೆಯೂ ಅದೇ 'ತಡೆ' ಗುರುತು, ಮೂರು ಸಲ.

ಬಂದರು ಕೇರಿಯವರೆಂದರೆ ಅಜೈಲಿಗೆ ಆಗುತ್ತಿರಲಿಲ್ಲ, ಅದು ಊರಿಗೇ ಗೊತ್ತು. ಅಲ್ಲಿಂದ ಬಂದ ಕರೆಯೆಂದು ತಡೆದಿದ್ದಾನೆ. ಆ ತುದಿಯಲ್ಲಿ ಸಾಯುತ್ತಿದ್ದವನು ಒಡಹುಟ್ಟಿದವನೆಂದು ಪಾಪ, ಅವನಿಗೇನು ಗೊತ್ತು. ಇದನ್ನು ಅವನಿಗೆ ಹೇಗೆ ಹೇಳುವುದು? ಹೇಳದಿದ್ದರೆ ಮಿಫ್ತಾಹ್ ಉಳಿಯುವುದಿಲ್ಲ.

ಗುರುವಾರ ಮಧ್ಯಾಹ್ನ ಅಜೈಲಿ ಬಂದು ಬಾಗಿಲು ಹಾಕಿಕೊಂಡ. ಮಬ್ರೂಕಾ ಒಂದೊಂದಾಗಿ ಎಲ್ಲವನ್ನೂ ತೋರಿಸಿದಳು. ಕೊನೆಗೆ ದನಿ ತಗ್ಗಿಸಿ, "ಇದು ನಿಮ್ಮ ತಪ್ಪಲ್ಲ, ಕಮಾಂಡರ್. ಫೋನಿನಲ್ಲಿ ಇರೋದು ಯಾರು ಅಂತ ನಿಮಗೆ ಗೊತ್ತಿರಲಿಲ್ಲ" ಎಂದಳು.

ಅಜೈಲಿ ಪರದೆಯನ್ನೇ ನೋಡುತ್ತಿದ್ದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನನ್ನ ತಮ್ಮನ ದನಿ ನನಗೆ ಗೊತ್ತಾಗಲ್ವಾ?" ಎಂದ. "ಹುಡುಗರೆಲ್ಲ ಅವನ ಹಿಂದೆ ಹೋಗ್ತಿದ್ರು. ಇನ್ನಾರು ತಿಂಗಳಾಗಿದ್ರೆ ಈ ಕುರ್ಚಿ ಅವನದಾಗ್ತಿತ್ತು. ಹುಡುಕಿದ್ರೆ ಗುರುತು ಸಿಗುತ್ತಾ ಅಂತ ನನಗೆ ತಿಳೀಬೇಕಿತ್ತು. ನಿನಗಿಂತ ಚೆನ್ನಾಗಿ ಹುಡುಕೋರು ಈ ಊರಲ್ಲಿಲ್ಲ."

ಸೊಂಟದಿಂದ ಪಿಸ್ತೂಲು ತೆಗೆದು ಅವಳ ಹಣೆಗೆ ಒತ್ತಿದ. ಲೋಹ ತಣ್ಣಗಿತ್ತು. ಎಲ್ಲ ಅಳಿಸು ಎಂದ.

ಮಬ್ರೂಕಾ ಕೀಲಿಮಣೆಯಿಂದ ಕೈ ಹಿಂದಕ್ಕೆ ತೆಗೆದಳು. "ಅಳಿಸಬಹುದು. ಆದರೆ ನಿಗಾ ಇಟ್ಟ ಮೇಲೆ ಎಚ್ಚರಿಕೆ ಯಾರಿಗಾದರೂ ಹೋಗಲೇಬೇಕಲ್ವಾ. ನೀವು ಇದನ್ನ ಮುಚ್ಚಿಹಾಕಿ ಹಾಜಿಯನ್ನ ಕೊಂದುಬಿಡ್ತೀರಿ ಅಂತ ಹೆದರಿಕೆಯಾಯ್ತು. ಅದಕ್ಕೇ ಬೆಳಿಗ್ಗೆ ಕೆಲವು ನಂಬರ್ ಸೇರಿಸಿದೆ. ನೀವು ಬಾಗಿಲು ಹಾಕುವಾಗ ಫರಜ್ ಅವರ ಹಳೇ ಕರೆಯನ್ನ ಆ ನಿಗಾ ಸಲಕರಣೆಯೊಳಗೆ ಹಾಯಿಸಿದೆ. ಅವರ ದನಿ, ಮೂರು ಸಲ ಒತ್ತಿದ್ದು, ಎಲ್ಲಿಂದ ಒತ್ತಿದ್ದು, ಎಲ್ಲ ಹೋಗಿದೆ."

"ಯಾರಿಗೆ?"

ಅವಳು ಉತ್ತರ ಕೊಡಬೇಕಾಗಲಿಲ್ಲ. ಪಕ್ಕದ ಕೋಣೆಯಲ್ಲಿ ಯಾರದೋ ಫೋನಿನಿಂದ ಫರಜನ ದನಿ ಕೇಳಿಬಂತು: "ಬೇಗ ಬನ್ನಿ, ನಾನು ಫರಜ್." ಅಂಗಳದಲ್ಲಿ ಇನ್ನೊಂದು ಫೋನಿನಿಂದ ಅದೇ ದನಿ. ಆಮೇಲೆ ಮೆಟ್ಟಿಲ ಬಳಿ. ಆಮೇಲೆ ಗೇಟಿನ ಹತ್ತಿರ.

ಒಂದೇ ಒದೆತಕ್ಕೆ ಬಾಗಿಲು ಮುರಿಯಿತು. ಇಮ್ಹಮ್ಮದ್ ನಿಂತಿದ್ದ, ಅವನ ಹಿಂದೆ ಆರೇಳು ಬಂದೂಕು. ಅಜೈಲಿಯ ಪಿಸ್ತೂಲು ಅವಳ ಹಣೆಯಿಂದ ತಾನಾಗಿ ಕೆಳಗಿಳಿಯಿತು. ಇಮ್ಹಮ್ಮದನ ಕಣ್ಣು ತನ್ನ ಕಮಾಂಡರನ ಮೇಲೇ ಇತ್ತು, ಮಾತು ಮಾತ್ರ ಮಬ್ರೂಕಾಳಿಗೆ.

"ಇಂಜಿನಿಯರಮ್ಮ, ಹಾಜಿಯನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇಲ್ಲಿಗೆ ಯಾರೂ ಆಂಬುಲೆನ್ಸ್ ಕರೀಬೇಡಿ."