ಚಕ್ರವಿಲ್ಲದ ಕಾರಿನ ವೇಗ

ಇಟ್ಟಿಗೆಗಳ ಮೇಲೆ ಕೂತಿದ್ದ ಕಾರಿಗೆ ಚಕ್ರಗಳೇ ಇರಲಿಲ್ಲ. ಆದರೂ ಸ್ಪೀಡ್ ಮೀಟರಿನ ಮುಳ್ಳು ನಲವತ್ತಕ್ಕೇರಿತು. ಆ ಊರಿನಲ್ಲಿ ಗಾಡಿ ಓಡುತ್ತಿದೆಯೋ ನಿಂತಿದೆಯೋ ಎಂಬುದಕ್ಕೆ ಮುಳ್ಳು ಹೇಳಿದ್ದೇ ಕಾನೂನು. ಓಡುವ ಗಾಡಿಯೆಂದು ಬಾಗಿಲು, ಎಂಜಿನ್ ಆರಿಸುವ ಕೀಲಿ ಎರಡೂ ಬಿಗಿದುಕೊಂಡವು. ಒಳಗೆ ರಿಪೇರಿಗೆ ಕೂತಿದ್ದ ಮೆಹಬೂಬಿ ಸಿಕ್ಕಿಬಿದ್ದಳು.

ಹೆಡ್‌ಲೈಟ್ ಹಾಕಿದಳು, ಪೆಟ್ರೋಲು, ಬಿಸಿ, ವೇಗ ತೋರಿಸುವ ಮುಳ್ಳುಗಳೆಲ್ಲ ಒಟ್ಟಿಗೆ ಮೇಲೆದ್ದವು. ಆರಿಸಿದಳು, ಒಟ್ಟಿಗೆ ಮೊದಲಿದ್ದಲ್ಲಿಗೆ ಇಳಿದವು. ಹಾಗಾದರೆ ಕೆಟ್ಟಿದ್ದು ಮೀಟರಲ್ಲ, ದೀಪಕ್ಕೂ ಮೀಟರುಗಳಿಗೂ ಸೇರಿದ ಒಂದೇ ತಂತಿ.

"ಫಕೀರಪ್ಪಾ, ಬಾನೆಟ್ ಒಳಗ ಅರ್ಥಿಂಗ್ ವೈರ್ ಸಡ್ಲ ಆಗೇತಿ. ಒಂದ್ ನಟ್ ಬಿಗಿ ಮಾಡೋ. ಮಗಳು ಸಾಲಿ ಮುಂದ ಕಾಯಾಕತ್ತಾಳ."

ಗಾಜಿನಾಚೆ ಜೊತೆಗಾರ ಫಕೀರಪ್ಪ ಸ್ಪ್ಯಾನರ್ ಹಿಡಿದು ಮುಳ್ಳನ್ನೇ ನೋಡಿದ. "ಓಡೂ ಗಾಡಿಗೆ ಕೈ ಹಚ್ಚಿದ್ರ ಜೇಲು, ಅಕ್ಕಾ. ಮೊದ್ಲ ನಿಂದ್ರಸು."

ಬೇರೆ ದಾರಿ ಕಾಣದೆ ಅವಳು ಬ್ರೇಕ್ ತುಳಿದಳು. ಹಿಂದೆ ಕೆಂಪು ದೀಪಗಳು ಹೊತ್ತಿಕೊಂಡವು. ಮುಳ್ಳು ಅರವತ್ತಕ್ಕೆ ಜಿಗಿಯಿತು.

ಫಕೀರಪ್ಪ ದಡಬಡಿಸಿ ಗಾಡಿಗೆ ದಾರಿ ಬಿಟ್ಟು ನಿಂತ.

"ಸಾವಕಾಶ ಹೊಡಿ, ಅಕ್ಕಾ!"