ಒಂಬತ್ತನೆಯ ಸಾಲು

"ಇಲ್ಲಿ ಒಂದು ಸೈನ್ ಹಾಕಿ, ಅಷ್ಟೇ," ಎಂದು ನರ್ಸ್ ಮೋಕ್ಷಿತಾಳ ಕೈಗೆ ಪೆನ್ನು ಕೊಟ್ಟಳು. ಕನ್ನಡಕ ಬಿಡಿಸುವ ಲೇಸರ್ ಆಪರೇಷನ್ನಿಗೆಂದು ಕಣ್ಣಿಗೆ ಮದ್ದು ಬಿಟ್ಟಿದ್ದರಿಂದ ಅವಳಿಗೆ ಕಾಗದವೆಲ್ಲ ಮಂಜಾಗಿ ಕಾಣುತ್ತಿತ್ತು. ಕನ್ನಡಕ ತಾಯಿ ಹರಿಣಾಕ್ಷಿಯ ಮಡಿಲಲ್ಲಿತ್ತು. ಒಪ್ಪಿಗೆಪತ್ರ ಪೂರ್ತಿ ಮಲಯಾಳದಲ್ಲಿತ್ತು. ಗಡಿನಾಡಿನ ಬಂದ್ಯೋಡು ಪೇಟೆಯಲ್ಲಿ ಮಲಯಾಳ ಮಾತಾಡುವ ಹರಿಣಾಕ್ಷಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ.

"ಅದರಲ್ಲಿ ಎಂತ ಉಂಟು, ಒಮ್ಮೆ ಓದಿ ಹೇಳಿ," ಎಂದಳು ಹರಿಣಾಕ್ಷಿ.

ನರ್ಸ್ ಗಡಿಬಿಡಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದಳು. ನೋವಿಲ್ಲ, ಹತ್ತು ನಿಮಿಷದ ಕೆಲಸ, ಇವತ್ತೇ ಮನೆಗೆ ಹೋಗಬಹುದು... ಇಪ್ಪತ್ತು ವರ್ಷ ಬೀಡಿ ಕಟ್ಟಿ ಎಣಿಸಿದ ಹರಿಣಾಕ್ಷಿಯ ಹೆಬ್ಬೆರಳು ತನ್ನಷ್ಟಕ್ಕೇ ಬೆರಳುಗಳ ಮೇಲೆ ಓಡುತ್ತಿತ್ತು. ಆರಕ್ಕೆ ನಿಂತಿತು.

"ಕಾಗದದಲ್ಲಿ ಒಂಬತ್ತು ನಂಬರ್ ಉಂಟಲ್ಲ? ನೀವು ಓದಿದ್ದು ಆರೇ."

"ಉಳಿದದ್ದು ಸುಮ್ಮನೆ ಬರೆದದ್ದಮ್ಮ."

"ಸುಮ್ಮನೆ ಬರೆದದ್ದನ್ನೂ ಓದಿ."

ನರ್ಸ್ ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದಳು. "ಏಳು, ಕಣ್ಣು ತಿಂಗಳುಗಟ್ಟಲೆ ಒಣಗಬಹುದು. ಎಂಟು, ರಾತ್ರಿ ದೀಪದ ಸುತ್ತ ಬಳೆಯ ಹಾಗೆ ಬೆಳಕು ಕಾಣಬಹುದು, ಕೆಲವರಿಗೆ ಅದು ಹೋಗುವುದೇ ಇಲ್ಲ. ಒಂಬತ್ತು..." ಅವಳು ತಡವರಿಸಿದಳು. "ಒಂಬತ್ತು, ಮೇಲಿನದ್ದನ್ನೆಲ್ಲ ನನಗೆ ಗೊತ್ತಿರುವ ಭಾಷೆಯಲ್ಲಿ ತಿಳಿಸಿ ಹೇಳಿದ್ದಾರೆ."

ಮೋಕ್ಷಿತಾ ಪೆನ್ನು ಕೆಳಗಿಟ್ಟು, ತಾಯಿಯ ಮಡಿಲಲ್ಲಿ ಕನ್ನಡಕಕ್ಕಾಗಿ ತಡಕಾಡಿದಳು.