ಗ್ರಾಫಿಕ್ಸ್ ಕಾರ್ಡು ಬೇಕೇ ಬೇಕು

“ಇದರಲ್ಲಿ ಗೇಮ್ಸ್ ಎಲ್ಲ ಎಷ್ಟು ಚಂದ ಓಡ್ತದೆ ಗೊತ್ತುಂಟಾ ಸರ್...” ಎಂದು ಲಿಯೋನೆಲ್ ಶುರು ಮಾಡುವಷ್ಟರಲ್ಲಿ ಜಿತೇಶ್ ಅವನ ಕಾಲು ತುಳಿದ.

ಲಿಯೋನೆಲ್ ಮಣಿಪಾಲದ ಆ ಅಂಗಡಿಯಲ್ಲಿ ಐದು ವರ್ಷದಿಂದ ಲ್ಯಾಪ್‌ಟಾಪ್ ಮಾರುತ್ತಿದ್ದವನು. ಕಾಲೇಜು ಶುರುವಾಗುವ ದಿನಗಳಲ್ಲಿ ಕಾಲು ತುಳಿಸಿಕೊಳ್ಳುವುದು ಅವನ ಕೆಲಸದ ಭಾಗವೇ ಆಗಿತ್ತು. “ಅಂದರೆ, ಇಂಜಿನಿಯರಿಂಗ್ ಡ್ರಾಯಿಂಗ್ ಸರ್,” ಎಂದು ಮುಖ ಬದಲಿಸದೆ ತಿದ್ದಿಕೊಂಡ.

ಜಿತೇಶನ ತಂದೆ ಶೇಖರ, ಕಾಪುವಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ತಲೆ ಎತ್ತಲಿಲ್ಲ. ಅವರ ಮುಂದೆ ಗ್ರಾಫ್ ಹಾಳೆ ಇತ್ತು. ನಾಲ್ಕು ಲ್ಯಾಪ್‌ಟಾಪಿಗೆ ನಾಲ್ಕು ಸಾಲು. ತೂಕ, ಮೆಮೊರಿ, ಗ್ಯಾರಂಟಿ, ಬೆಲೆ. ಮೂವತ್ತೈದು ಸಾವಿರದ ಕೆಳಗೆ ಸ್ಕೇಲ್ ಇಟ್ಟು ಎಳೆದ ಕೆಂಪು ಗೆರೆ. ಜಿತೇಶ್ ತೋರಿಸಿದ್ದು ಗೆರೆಯ ಆಚೆಗಿತ್ತು. ನಲವತ್ತೆರಡು.

“ಈ ಬೇರೆ ಗ್ರಾಫಿಕ್ಸ್ ಕಾರ್ಡು ಎಂತಕ್ಕೆ? ಏಳು ಸಾವಿರ ಅದಕ್ಕೇ ಹೋಗ್ತದಲ್ಲ.”

“ಡ್ರಾಯಿಂಗಿಗೆ ಅಪ್ಪ. ಅದಿಲ್ಲದಿದ್ದರೆ ಚಿತ್ರ ತಿರುಗಿಸುವಾಗ ಅರ್ಧಕ್ಕೇ ನಿಂತುಬಿಡ್ತದೆ.”

ಇದು ಅರ್ಧ ಸತ್ಯ. ಉಳಿದರ್ಧದ ಹೆಸರು ಬಂಗುಡೆ.

ಭಾನುವಾರ ಬೆಳಗ್ಗೆ ಆರೂವರೆಗೆ ಜಿತೇಶ್ ಕ್ರಿಕೆಟ್ ಆಡಲು ಹೊರಡುತ್ತಿದ್ದ. ಹೋಗುತ್ತಿದ್ದದ್ದು ಮಾತ್ರ ಬೂಬಣ್ಣನ ಸೈಬರ್ ಕೆಫೆಗೆ. ಅಲ್ಲಿ ಕುಳಿತು ಇಂಟರ್ನೆಟ್ಟಿನಲ್ಲಿ ಬಂದೂಕಿನ ಆಟ. ಅವನ ಹೆಸರು ‘ಕಾಪು ಜಿತ್ತು’. ಎದುರಾಳಿಯ ಹೆಸರು ‘ಬಂಗುಡೆ’. ಯಾವ ಗೋಡೆಯ ಮರೆಯಲ್ಲಿ ಅಡಗಿದರೂ ಬಂಗುಡೆ ಹಿಂದಿನಿಂದ ಬಂದು ಹೊಡೆಯುತ್ತಿತ್ತು. ಒಂದು ವರ್ಷದಲ್ಲಿ ಜಿತೇಶ್ ಒಮ್ಮೆಯೂ ಗೆದ್ದಿರಲಿಲ್ಲ. ಏಳೂಮುಕ್ಕಾಲಿನ ಹೊತ್ತಿಗೆ ಬಂಗುಡೆ ಆಟ ಎಲ್ಲಿದ್ದರೂ ಬಿಟ್ಟು ಮಾಯ. ಬೆಳಗ್ಗೆ ಎಂಟರವರೆಗೆ ಇಂಟರ್ನೆಟ್ ಪುಕ್ಕಟೆ ಇದ್ದ ಕಾಲ ಅದು. ಊರಿನ ಅರ್ಧ ಮನೆಗಳಲ್ಲಿ, ಜಿತೇಶನ ಮನೆಯಲ್ಲೂ, ಅದೇ ಪ್ಲಾನ್. ಆದ್ದರಿಂದ ಸಮಯದಿಂದ ಏನೂ ಪತ್ತೆಯಾಗುವಂತಿರಲಿಲ್ಲ. ಮೀನಿನ ಹೆಸರು ನೋಡಿ, ಮಲ್ಪೆ ಬಂದರಿನ ಯಾವನೋ ಬೋಟಿನ ಮಾಲೀಕರ ಮಗ ಇರಬೇಕೆಂದು ಅವನು ತೀರ್ಮಾನಿಸಿದ್ದ.

ಮನೆಯಲ್ಲಿ ಆಡುವ ಹಾಗಿರಲಿಲ್ಲ. ಅಪ್ಪ ಬೆಳಗ್ಗೆ ಲೈಟ್‌ಹೌಸಿನವರೆಗೆ ನಡೆಯಲು ಹೋಗುತ್ತಿದ್ದರು, ನಿಜ. ಆದರೆ ಕಂಪ್ಯೂಟರ್ ಇದ್ದದ್ದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ. ನಾಲ್ಕೂವರೆಗೇ ಏಳುವ ಅಮ್ಮ ಅಲ್ಲೇ ಇರುತ್ತಿದ್ದಳು. ಅಷ್ಟು ಬೇಗ ಎದ್ದರೂ ಎಂಟು ಗಂಟೆಗೆ ತಟ್ಟೆಗೆ ಬೀಳುತ್ತಿದ್ದದ್ದು ಬರೀ ಅವಲಕ್ಕಿ. ಅದು ಬೇರೆ ವಿಷಯ.

ಬೂಬಣ್ಣನ ನಿಧಾನದ ಕಂಪ್ಯೂಟರಿನಲ್ಲಿ ಆಟಗಾರ ತಿರುಗಿ ನೋಡುವುದರೊಳಗೆ ಸತ್ತಿರುತ್ತಿದ್ದ. ಬಂಗುಡೆಯನ್ನು ಒಂದೇ ಒಂದು ಸಲ ಸೋಲಿಸಬೇಕು. ಅದಕ್ಕೆ ಒಳ್ಳೆಯ ಕಾರ್ಡು ಬೇಕು.

“ಕಾರ್ಡು ಬೇಕೇ ಬೇಕಾದರೆ ಮನೆಯ ಕಂಪ್ಯೂಟರನ್ನೇ ಕಾರ್ಕಳದ ಹಾಸ್ಟೆಲಿಗೆ ಒಯ್ಯಿ,” ಎಂದು ಶೇಖರ ಪೆನ್ನಿನ ಮುಚ್ಚಳ ಹಾಕಿದರು. “ಅದರಲ್ಲಿ ಕಾರ್ಡು ಉಂಟು. ದುಬಾಯಿಯಿಂದ ನಿನ್ನ ಮಾವ ಅಳಿಯನಿಗೆ ಅಂತಲೇ ತಂದದ್ದು. ಅಳಿಯನ ಜೊತೆ ಹೋಗುವುದೇ ಕ್ರಮ.”

ಸೋದರಮಾವ ಅಳಿಯನಿಗೆ ಕೊಟ್ಟದ್ದಕ್ಕೆ ಆ ಕಡೆಯ ಅಳಿಯಸಂತಾನದ ಮನೆಗಳಲ್ಲಿ ಎದುರು ಮಾತಿಲ್ಲ. ಯೋಚಿಸಿದರೆ ಕೆಟ್ಟ ಸಲಹೆಯೂ ಅಲ್ಲ. ಜಿತೇಶ್ “ಆಗಬಹುದು” ಎನ್ನಲು ಬಾಯಿ ತೆರೆದ.

ಅಷ್ಟರವರೆಗೆ ಸ್ಟೂಲಿನ ಮೇಲೆ ವ್ಯಾನಿಟಿ ಬ್ಯಾಗು ಹಿಡಿದು ಸುಮ್ಮನೆ ಕುಳಿತಿದ್ದ ಅಮ್ಮ ಮನೋರಮಾ ಎದ್ದು ನಿಂತಳು.

“ಅದು ಬೇಡ. ಕಾರ್ಕಳದ ಬಸ್ಸಿನಲ್ಲಿ ಅಷ್ಟು ದೊಡ್ಡ ಪೆಟ್ಟಿಗೆ ಎಲ್ಲಿ ಇಡುವುದು?”

“ನಾನು ರಿಕ್ಷಾ ಮಾಡಿ ಕೊಡ್ತೇನೆ.”

“ಶುಕ್ರವಾರ ಅಣ್ಣನ ಹತ್ತಿರ ಮಾತಾಡಲಿಕ್ಕೆ ನನಗೆ ಬೇಡವಾ?”

“ವಾರಕ್ಕೆ ಅರ್ಧ ಗಂಟೆಗೆ ಒಂದು ಕಂಪ್ಯೂಟರಾ?” ಶೇಖರ ನಕ್ಕರು. ಮತ್ತೆ ಮಗನ ಕಡೆ ಬೆರಳು ತೋರಿಸಿದರು. “ಇವನು ಅದರಲ್ಲಿ ಎಂತ ಓದಿದ್ದಾನೆಂದು ನನಗೆ ಗೊತ್ತುಂಟು ಮಾರಾಯ್ತಿ. ಕೀಬೋರ್ಡಿನ ಎಡಗಡೆ ನಾಲ್ಕು ಅಕ್ಷರ ಅಳಿಸಿಯೇ ಹೋಗಿದೆ. ಡಬ್ಲ್ಯೂ, ಎ, ಎಸ್, ಡಿ.”

ಲಿಯೋನೆಲ್ ಕೆಮ್ಮಿದ. ಬಂದೂಕಿನ ಆಟದವರ ಬೆರಳುಗಳು ಎಲ್ಲಿರುತ್ತವೆಂದು ಅವನಿಗೆ ಗೊತ್ತಿತ್ತು. ಜಿತೇಶನಿಗೂ ಗೊತ್ತಿತ್ತು. ಆದರೆ ಮನೆಯಲ್ಲಿ ಅವನು ಕದ್ದು ಆಡಿದ್ದು ಕಾರಿನ ಆಟ ಮಾತ್ರ. ಅದೂ ಬಲಗಡೆಯ ಬಾಣದ ಗುರುತಿನ ಕೀಗಳಲ್ಲಿ. ಹಾಗೆಂದು ಹೇಳಿದರೆ ಕಾರಿನ ಆಟವನ್ನು ಒಪ್ಪಿಕೊಂಡಂತಾಗುತ್ತದೆ.

“ನಾನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವುದಲ್ವಾ, ಅದಕ್ಕೆ,” ಎಂದಳು ಮನೋರಮಾ.

“ನಾಲ್ಕೇ ಅಕ್ಷರ?”

“ಅಲ್ಲಿಗೇ ಜಾಸ್ತಿ ಕೈ ಹೋಗ್ತದೆ.”

ಅವಳು ಬ್ಯಾಗಿನಿಂದ ಕವರು ತೆಗೆದು ಗ್ರಾಫ್ ಹಾಳೆಯ ಮೇಲೆ, ಸರಿಯಾಗಿ ಕೆಂಪು ಗೆರೆಯ ಮೇಲೆ ಇಟ್ಟಳು. “ವಾಷಿಂಗ್ ಮಷಿನಿಗೆ ಇಟ್ಟದ್ದು. ಏಳು ಸಾವಿರ ಉಂಟು. ಬಟ್ಟೆ ಇನ್ನೊಂದು ವರ್ಷ ಕೈಯಲ್ಲೇ ಒಗೆಯಬಹುದು. ಜಿತ್ತು ಹೊಸತು ತೆಗೆದುಕೊಳ್ಳಲಿ. ಮನೆಯದ್ದು ಮನೆಯಲ್ಲೇ ಇರಲಿ.”

ಶೇಖರ ಕನ್ನಡಕ ತೆಗೆದು ಒರೆಸಿದರು. ಈ ತ್ಯಾಗಕ್ಕೆ ತಕ್ಕ ಮಗನಾಗಿ ಇಂಜಿನಿಯರಿಂಗ್ ಡ್ರಾಯಿಂಗನ್ನು ನಿಜವಾಗಿಯೂ ಕಲಿಯಬೇಕೆಂದು ಜಿತೇಶ್ ಅಲ್ಲೇ ನಿರ್ಧರಿಸಿದ. ಬಂಗುಡೆಯನ್ನು ಮುಗಿಸಿದ ಮೇಲೆ.

ಹಾಸ್ಟೆಲ್ ಸೇರಿದ ಎರಡನೆಯ ಭಾನುವಾರ, ಬೆಳಗ್ಗೆ ಆರೂವರೆ. ಕೋಣೆಯ ಇನ್ನಿಬ್ಬರೂ ಮಲಗಿದ್ದರು. ಜಿತೇಶ್ ಹೊಸ ಲ್ಯಾಪ್‌ಟಾಪ್ ತೆರೆದ. ಬಂಗುಡೆ ಕಾಯುತ್ತಿತ್ತು.

ಈ ಸಲ ತೆರೆ ಎಲ್ಲೂ ನಿಲ್ಲಲಿಲ್ಲ. ಮೊದಲ ಸುತ್ತು ಬಂಗುಡೆಗೆ. ಎರಡನೆಯದು ಜಿತೇಶನಿಗೆ! ಮೂರನೆಯದರಲ್ಲಿ ಅವನು ಗೋಡೆ ಬಳಸಿ ಬಂದಾಗ ಬಂಗುಡೆ ಬಯಲಿನ ನಡುವೆ ಅಲುಗಾಡದೆ ನಿಂತಿತ್ತು. ಬೆನ್ನು ಇವನ ಕಡೆಗೆ. ಇಷ್ಟು ಸುಲಭದ ಗುರಿ ಇನ್ನೆಂದೂ ಸಿಗುವಂತಿರಲಿಲ್ಲ. ಗಡಿಯಾರ ಏಳೂಮುಕ್ಕಾಲು ತೋರಿಸುತ್ತಿತ್ತು.

ಗುಂಡು ಹಾರಿಸಬೇಕು, ಅಷ್ಟರಲ್ಲಿ ತೆರೆಯ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ತುಳು ಮಾತು ಮೂಡಿತು: “ಗೇಟಿನ ಶಬ್ದ ಆಯಿತು, ನಿನ್ನ ಅಪ್ಪ ಬಂದರು. ನೀನೂ ಎದ್ದು ಹೋಗಿ ತಿಂಡಿ ತಿನ್ನು ಜಿತ್ತು.”